ಸರಾಸರಿ ಪಾಠಕ್ಕೊಂದು ಶನಿವಾರ

ವಿಜಯಪುರದ ಒಂದು ಪದವಿ ಕಾಲೇಜು. ಬಿ.ಕಾಂ. ವಿದ್ಯಾರ್ಥಿಗಳ ಆನ್‌ಲೈನ್ ಕೋರ್ಸಿಗೆ ಸಂಖ್ಯಾಶಾಸ್ತ್ರದ ಒಂದು ವಾರದ ಪಾಠ ತಯಾರಾಗಬೇಕಿತ್ತು: ಸರಾಸರಿ ಮತ್ತು ಮಧ್ಯಾಂಕ (ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು). ಶನಿವಾರ ಮುಂಜಾನೆ ಪೂರ್ತಿ ಪರೀಕ್ಷೆಯ ಪ್ರಶ್ನೆ ಬರೆಯಲಿಕ್ಕೇ ಹೋಯಿತು. ಮೈಕು ಇನ್ನೂ ಚೀಲದಲ್ಲಿತ್ತು. ಈ ಕ್ರಮವೇ ಸರಿ. ವಾರದ ಕೊನೆಗೆ ವಿದ್ಯಾರ್ಥಿ ಏನು ಮಾಡಿ ತೋರಿಸಬೇಕೆಂದು ಮೊದಲು ಗೊತ್ತಾದರೆ, ವಿಡಿಯೊದಲ್ಲಿ ಏನು ಬೇಡ ಎಂಬುದು ತಾನೇ ತಿಳಿಯುತ್ತದೆ. ‘ಮಧ್ಯಾಂಕವನ್ನು ಅರಿಯುವರು’ ಎಂದು ಗುರಿ ಬರೆದರೆ ಅಳೆಯುವುದು ಹೇಗೆ? ‘ಐದು ಪಗಾರ ಕೊಟ್ಟರೆ ಮಧ್ಯಾಂಕ ತೆಗೆದು, ಅಲ್ಲಿ ಸರಾಸರಿ ಯಾಕೆ ದಾರಿ ತಪ್ಪಿಸುತ್ತದೆಂದು ಎರಡು ವಾಕ್ಯದಲ್ಲಿ ಬರೆಯುವರು’ ಎಂದರೆ ಅಳೆಯಬಹುದು.

ಒಣದ್ರಾಕ್ಷಿ ಮಾಡುವ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ಹಿಡಿದದ್ದಾಯಿತು. ಐದು ಮಂದಿಯ ತಿಂಗಳ ಪಗಾರ, ಸಾವಿರ ರೂಪಾಯಿಗಳಲ್ಲಿ: 14, 46, 12, 15, 13. ಮಧ್ಯಾಂಕ 14. ಉಳಿದ ಮೂರು ಆಯ್ಕೆಗಳನ್ನು ಸುಮ್ಮನೆ ತುಂಬುವಂತಿಲ್ಲ. 12 ಒತ್ತುವವರು ಏರಿಕೆ ಕ್ರಮದಲ್ಲಿ ಜೋಡಿಸದೆ ನಡುವಿನದನ್ನು ಎತ್ತಿಕೊಂಡವರು. 20 ಒತ್ತುವವರು ಸರಾಸರಿ ತೆಗೆದವರು. 29 ಎಂದರೆ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ಕೂಡಿಸಿ ಅರ್ಧ ಮಾಡಿದವರು. ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ತಂತ್ರಾಂಶದಲ್ಲಿ ಒಂದೊಂದು ಆಯ್ಕೆಗೂ ಬೇರೆ ಸೂಚನೆ ಬರೆದಿಡಬಹುದು. 12ಕ್ಕೆ ಬರೆದದ್ದು: ‘ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಕೊಂಡು ನೋಡಿ, ಎರಡನೇ ವಿಡಿಯೊದಲ್ಲಿದೆ.’ ಬರೀ ‘ತಪ್ಪು’ ಎಂದು ಕೆಂಪಕ್ಷರ ತೋರಿಸುವ ಕ್ವಿಜ್ ಯಾರಿಗೂ ಏನೂ ಕಲಿಸದು.

ಪ್ರಶ್ನೆ ಏರಿಸುವಾಗ ಹಳೆಯ ತಲೆನೋವು ಎದ್ದಿತು. ವಿಭಾಗದ ಹಳೆ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿದ್ದವು. ಅದರಲ್ಲಿ ಕನ್ನಡ ಅಕ್ಷರ ಕೂತಿರುವುದು ರೋಮನ್ ಅಕ್ಷರಗಳ ಸಂಕೇತದ ಜಾಗದಲ್ಲಿ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಪ್ರಶ್ನೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲುಸಾಲಾಗಿ ನೋಡಿಯೇ ಏರಿಸಬೇಕು. ಪರಿವರ್ತಕ ಎಡವುವುದು ಅಲ್ಲೇ.

ಮಧ್ಯಾಹ್ನ ರೆಕಾರ್ಡಿಂಗ್. ಬೇಡದ್ದನ್ನು ಬಿಟ್ಟ ಮೇಲೆ ಐವತ್ತೈದು ನಿಮಿಷದ ತರಗತಿ ಮೂರು ತುಂಡಾಯಿತು, ಒಂದೊಂದೂ ಆರು ನಿಮಿಷದ ಆಸುಪಾಸು. ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸ್‌ಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನವೂ ವಿಡಿಯೊ ಆರು ನಿಮಿಷ ದಾಟಿದರೆ ನೋಡುವವರು ನಿಲ್ಲುವುದಿಲ್ಲ ಎಂದೇ ಹೇಳಿತ್ತು. ತರಗತಿ ಕೋಣೆಯ ಬೋಳು ಗೋಡೆಗಳಲ್ಲಿ ದನಿ ಗುಂಯ್ ಎನ್ನುತ್ತದೆ. ಗ್ರಂಥಾಲಯದ ಕಪಾಟುಗಳ ನಡುವೆ ಪುಸ್ತಕಗಳೇ ಪ್ರತಿಧ್ವನಿ ನುಂಗುತ್ತವೆ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ, ಮೊಬೈಲ್ ಏರೋಪ್ಲೇನ್ ಮೋಡಿಗೆ, ಫ್ಯಾನ್ ಬಂದ್. (ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಫ್ಯಾನ್ ಬಂದ್ ಮಾಡಿ ಪಾಠ ಹೇಳುವವರಿಗೆ ಬೇರೆ ಭತ್ಯೆಯೇ ಕೊಡಬೇಕು.) ಮಾತಿಗೆ ಮುಂಚೆ ಹತ್ತು ಸೆಕೆಂಡ್ ಸುಮ್ಮನಿರಬೇಕು, ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಕೋಣೆಯ ಬರೀ ಸದ್ದಿನ ಮಾದರಿ ಬೇಕು. ಚಿತ್ರ ಸುಮಾರಿದ್ದರೂ ನೋಡುವವರು ತಾಳಿಕೊಳ್ಳುತ್ತಾರೆ, ಆವಾಜು ಕೆಟ್ಟರೆ ಬಿಟ್ಟೇ ಹೋಗುತ್ತಾರೆ.

ವಿದ್ಯಾರ್ಥಿಗಳ ಡೇಟಾ ಲೆಕ್ಕವನ್ನೂ ನೋಡಬೇಕು. 480ಪಿ ವಿಡಿಯೊವನ್ನು ಸೆಕೆಂಡಿಗೆ 500 ಕಿಲೋಬಿಟ್‌ಗೆ ಇಳಿಸಿದರೆ ಹತ್ತು ನಿಮಿಷಕ್ಕೆ, ಧ್ವನಿ ಸೇರಿ, 42 ಎಂಬಿ ಆಸುಪಾಸು. 64 ಕಿಲೋಬಿಟ್‌ನ ಧ್ವನಿ ಒಂದೇ ಆದರೆ 5 ಎಂಬಿಯೂ ಆಗದು. ಹಾಗಾಗಿ ಪ್ರತಿ ವಿಡಿಯೊ ಜೊತೆ ಆಡಿಯೊ, ಎರಡು ಪುಟದ ಪಿಡಿಎಫ್ ಇರಲೇಬೇಕು.

2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯ ಕೋರ್ಸಿಗೆ ವಿಡಿಯೊ, ಓದುವ ಪಠ್ಯ, ಚರ್ಚೆ, ಸ್ವಮೌಲ್ಯಮಾಪನ ಎಂದು ನಾಲ್ಕು ಭಾಗ. ಶಕ್ತಿಯೆಲ್ಲ ವಿಡಿಯೊಕ್ಕೇ ಖರ್ಚಾದರೆ ಚರ್ಚೆಯ ಪುಟ ಖಾಲಿ ಬೀಳುತ್ತದೆ. ಅದಕ್ಕೇ ವಾರದ ನಡುವೆ ನಲವತ್ತು ನಿಮಿಷದ ನೇರ ತರಗತಿ. ಅಲ್ಲಿ ಹೊಸ ಪಾಠವಿಲ್ಲ. ‘ತಿಳೀತೇನ್ರಿ?’ ಎಂದರೆ ‘ಹೂನ್ರಿ ಸರ’ ಎನ್ನುವ ಎರಡೇ ದನಿ ಬರುತ್ತವೆ. ಬದಲಿಗೆ ಒಂದು ಲೆಕ್ಕ ಕೊಟ್ಟು, ಉತ್ತರ ಚಾಟ್‌ನಲ್ಲಿ ಟೈಪಿಸಿ ಕಾಯಲು ಹೇಳಿ, ಎಲ್ಲರಿಂದ ಒಮ್ಮೆಲೇ ಕಳಿಸಿಕೊಳ್ಳಬೇಕು. ಮುಂದಿನವರದನ್ನು ನೋಡಿ ಬರೆಯಲಿಕ್ಕೆ ಪುರುಸೊತ್ತು ಸಿಗದು. ಕ್ಯಾಮೆರಾ ಕಡ್ಡಾಯ ಮಾಡುವುದು ಬೇಡ, ಡೇಟಾ ದಂಡ.

ಕರೆಂಟ್ ಹೋದರೂ ಕ್ವಿಜ್‌ನ ಗಡಿಯಾರ ನಿಲ್ಲುವುದಿಲ್ಲವಾದ್ದರಿಂದ ಎರಡು ಅವಕಾಶ ಕೊಟ್ಟು ಹೆಚ್ಚಿನ ಅಂಕ ಹಿಡಿಯಬೇಕು. ಮುಗಿದ ಮೇಲೆ ಯಾವ ತಪ್ಪು ಆಯ್ಕೆಗೆ ಎಷ್ಟು ಮಂದಿ ಬಿದ್ದರು ನೋಡಬೇಕು. 12ಕ್ಕೇ ಹೆಚ್ಚು ಮಂದಿ ಬಿದ್ದಿದ್ದರೆ ಎರಡನೇ ವಿಡಿಯೊ ಒಂದನ್ನೇ ಮತ್ತೆ ತೆಗೆದರೆ ಸಾಕು. ‘ಮೊನ್ನೆ ಹೇಳಿದ್ದೆ’, ‘ಸೋಮವಾರ ಸೂಟಿ’ ಎಂಬಂಥ ಮಾತು ನುಸುಳದಿದ್ದರೆ ಉಳಿದೆರಡು ಬರುವ ವರ್ಷದ ತಂಡಕ್ಕೂ ನಡೆಯುತ್ತವೆ.