ಖಾಲಿ ಬುಟ್ಟಿಯ ತೂಕ

ನಂದಿ ಬೆಟ್ಟಕ್ಕೆ ಭಾನುವಾರ ಹೋಗಬೇಡಿ. ನಾನು ಜನವರಿಯಲ್ಲಿ ಹೋಗಿ ಅನುಭವಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಟ್ಟು, ಬೆಟ್ಟದ ಬುಡದಲ್ಲಿ ಕಾರುಗಳ ಸಾಲಿನಲ್ಲಿ ಒಂದು ಗಂಟೆ ಕೂತು, 1478 ಮೀಟರ್ ಮೇಲೆ ಹತ್ತಿದರೆ ಕಂಡಿದ್ದು ಬರೀ ಮಂಜು.

ಜೊತೆಗಿದ್ದ ಅಕ್ಕನ ಮಗಳಿಗೆ ನಗು. "ಮಾಮ, ನಮ್ಮ ಶತ್ರು ಇವನೇ ನೋಡಿ," ಅಂದಳು. ಅವಳು ಖಗೋಳದಲ್ಲಿ ಸಂಶೋಧನೆ ಮಾಡುವವಳು. ಗಾಳಿಯಲ್ಲಿರುವ ನೀರಿನ ಆವಿ ಮಿಲಿಮೀಟರ್ ರೇಡಿಯೋ ಅಲೆಗಳನ್ನು ನುಂಗಿಬಿಡುತ್ತದಂತೆ. ಅವತ್ತು ರಾತ್ರಿ ಅವಳಿಗೆ ಸ್ಪೇನ್‌ನ ಪಿಕೋ ವೆಲೆಟಾ ಬೆಟ್ಟದಲ್ಲಿರುವ 30 ಮೀಟರ್ ತಟ್ಟೆಯ ಟೆಲಿಸ್ಕೋಪಿನಲ್ಲಿ ಎಂಟು ಗಂಟೆ ಸಿಕ್ಕಿತ್ತು. ಅದು ಕೂತಿರುವ ಎತ್ತರ 2850 ಮೀಟರ್. ಇಲ್ಲಿಂದ ಇಂಟರ್‌ನೆಟ್‌ನಲ್ಲೇ ನೋಡಬೇಕು.

ಕೆಳಗಿಳಿದು ಭೋಗನಂದೀಶ್ವರ ನೋಡಿದೆವು. ಮೇಲಿನ ಗದ್ದಲಕ್ಕಿಂತ ಆ ಕಲ್ಯಾಣಿಯ ಮೆಟ್ಟಿಲು ಸಾವಿರ ಪಾಲು ವಾಸಿ. ಆಮೇಲೆ ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ದಾರಿ.

ಮಂಚೇನಹಳ್ಳಿಗೆ ಮುಂಚೆ ರಸ್ತೆ ಬದಿ ದ್ರಾಕ್ಷಿ ಕಂಡಿತು. ಕಪ್ಪಗೆ, ಮೈಗೆ ಬೂದಿ ಬಳಿದ ಹಾಗಿರುವ ಬೆಂಗಳೂರು ಬ್ಲೂ. ಸಿಪ್ಪೆ ದಪ್ಪ, ಬೀಜ ಜಾಸ್ತಿ, ಒಂಚೂರು ಹುಳಿ. ಬೀಜವಿಲ್ಲದ ಸಪ್ಪೆ ಹಸಿರು ದ್ರಾಕ್ಷಿಗಿಂತ ನನಗೆ ಇದೇ ಸರಿ. ಮಾರುವವನು ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಪ್ಲಾಸ್ಟಿಕ್ ಬುಟ್ಟಿ ಇಟ್ಟ, ಗೊಂಚಲು ಹಾಕಿದ, ಎರಡು ಕಿಲೋ ಅಂದ. ದುಡ್ಡು ಕೊಟ್ಟು ಕಾರು ಹತ್ತಿದ ಮೇಲೆ ಇವಳು ಬಾಯಿಬಿಟ್ಟಳು.

"ಖಾಲಿ ಬುಟ್ಟಿ ಇಟ್ಟು ಸೊನ್ನೆ ಮಾಡಲೇ ಇಲ್ಲ, ಗಮನಿಸಿದ್ರಾ?"

"ಅಲ್ಲೇ ಹೇಳೋದಲ್ವೇನೇ!"

"ನೀವು ನೋಡಿರ್ತೀರ ಅಂದ್ಕೊಂಡೆ."

ಮನೆಯಲ್ಲಿ ತೂಗಿದರೆ 1 ಕಿಲೋ 700 ಗ್ರಾಂ ಇತ್ತು. ಮುನ್ನೂರು ಗ್ರಾಂ ಬುಟ್ಟಿಗೂ ದ್ರಾಕ್ಷಿಯ ರೇಟು ಕೊಟ್ಟಿದ್ದೆ. ನೀವು ಆ ಕಡೆ ಹೋದರೆ ಮೊದಲು ಖಾಲಿ ಬುಟ್ಟಿ ಇಡಿಸಿ, ಅಂಕಿ ನೋಡಿ.

ಮುಂದೆ ಒಂದು ಹುಣಸೆ ಮರದಡಿ ಕಾರು ನಿಲ್ಲಿಸಿದೆ. ಅವಳು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ರಾತ್ರಿಯ ಪಟ್ಟಿ ತಿದ್ದತೊಡಗಿದಳು. ಅರ್ಧ ಗಂಟೆ ಅಂದಿದ್ದು ಎರಡು ಗಂಟೆಯಾಯಿತು.

"ನಮ್ಮದೂ ಬುಟ್ಟಿ ಕಥೆಯೇ ಮಾಮ. ಅಲೆ ಹಿಡಿಯೋ ರಿಸೀವರ್ ತೋರಿಸೋ ಅಂಕಿಯಲ್ಲಿ ನಾನು ಹುಡುಕೋದು ಒಂದು ಚೂರು. ಮಿಕ್ಕಿದ್ದು ಗಾಳಿದು, ಯಂತ್ರದ್ದೇ ಸದ್ದು."

ಅದಕ್ಕೆ ರಿಸೀವರಿನ ಮುಂದೆ ಕೋಣೆಯಷ್ಟು ಬೆಚ್ಚಗಿರುವ ವಸ್ತು ಹಿಡಿಯುತ್ತಾರಂತೆ. ಆಮೇಲೆ ತುಂಬ ತಣ್ಣಗಿರುವುದು. ಆಮೇಲೆ ಖಾಲಿ ಆಕಾಶ. ಬಿಸಿ, ತಂಪು ಎರಡೂ ಎಷ್ಟೆಂದು ಮೊದಲೇ ಗೊತ್ತಿರುವುದರಿಂದ ಉಳಿದ ಅಂಕಿಗೆ ಅರ್ಥ ಬರುತ್ತದೆ. ಗಾಳಿ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಅದೇ.

"ತಟ್ಟೆ ಸರಿಯಾದ ಕಡೆ ನೋಡ್ತಿದೆಯಾ ಅನ್ನೋದು ಇನ್ನೊಂದು ತಲೆನೋವು," ಎಂದು ಹೊಲದಾಚೆಯ ತೆಂಗಿನ ಮರ ತೋರಿಸಿದಳು. ಅದು ಇನ್ನೂರು ಮೀಟರ್ ಇರಬಹುದು. "ಅಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಇಲ್ಲಿಂದ ಎಷ್ಟು ಕಾಣುತ್ತೋ, 115 ಗಿಗಾಹರ್ಟ್ಸ್ ಅಲೆಯಲ್ಲಿ ನಮ್ಮ ತಟ್ಟೆಯ ನೋಟ ಅಷ್ಟೇ ಅಗಲ." ಅಷ್ಟು ದೊಡ್ಡ ತಟ್ಟೆ ತನ್ನ ಭಾರಕ್ಕೇ ಬಾಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಎರಡು ಗಂಟೆಗೊಮ್ಮೆಯಾದರೂ ಜಾಗ ಚೆನ್ನಾಗಿ ಗೊತ್ತಿರುವ ಒಂದು ಹೊಳೆಯುವ ಗುರಿಗೆ ತಿರುಗಿಸಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಎಳೆದು, ಎಷ್ಟು ತಪ್ಪಿದೆ ನೋಡಬೇಕು.

ಅವಳಿಗೆ ಬೇಕಿದ್ದದ್ದು ವೃಷಭ ರಾಶಿಯ ತಣ್ಣನೆಯ ಅನಿಲದ ಮೋಡ. ಗುರಿಗೆ 3ಸಿ 84 ಅನ್ನುವ ಗ್ಯಾಲಕ್ಸಿ ಪ್ರಖರವಾಗಿದೆ, ಆದರೆ ಆಕಾಶದಲ್ಲಿ ಆ ಮೋಡದಿಂದ ದೂರ. 3ಸಿ 111 ಹತ್ತಿರ, ಆದರೆ ಅಲ್ಲಿ ಹತ್ತು ಗಂಟೆ ಹೊತ್ತಿಗೆ ನಡುನೆತ್ತಿಗೇ ಬರುತ್ತದೆ. ನೆತ್ತಿ ಮೇಲಿನದನ್ನು ಹಿಂಬಾಲಿಸಲು ತಟ್ಟೆ ಗಿರ್ರನೆ ಸುತ್ತಬೇಕು, ಅದರಿಂದ ಆಗುವುದಿಲ್ಲ. ಆ ಹೊತ್ತಿಗೆ ಬೇರೆ ಯಾವುದೋ ಒಂದನ್ನು ಹುಡುಕಿ ಬರೆದುಕೊಂಡಳು.

"ಹಾಗಾದ್ರೆ ಮೋಡ ನೋಡೋದು ಯಾವಾಗ?"

"ಎಂಟರಲ್ಲಿ ಐದು ಗಂಟೆ ಸಿಕ್ಕರೆ ಪುಣ್ಯ."

ಮೂರು ಗಂಟೆ ಬರೀ ತಕ್ಕಡಿ ಸರಿಮಾಡೋಕೆ! ನಾನಾಗಿದ್ದರೆ ಸುಮ್ನೆ ಎಂಟೂ ಗಂಟೆ ಮೋಡ ನೋಡುತ್ತಿದ್ದೆ. ಹಾಗಂದಿದ್ದಕ್ಕೆ ಅವಳು ದ್ರಾಕ್ಷಿ ಚೀಲ ನನ್ನ ಕಡೆ ತಳ್ಳಿದಳು.

ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೆ ಮೊದಲೇ ಅನುಮತಿ ಕೇಳಿರಲಿಲ್ಲ. ಬೇಲಿಯಾಚೆಯಿಂದಲೇ ಕಂಬ, ತಂತಿ ನೋಡಿದೆವು. 1976ರಲ್ಲಿ ಇಲ್ಲಿ ಡೈಪೋಲ್ ಅನ್ನುವ ಸರಳ ಆಂಟೆನಾಗಳನ್ನು ಸಾವಿರ ಲೆಕ್ಕದಲ್ಲಿ ಇಂಗ್ಲಿಷ್‌ನ ಟಿ ಆಕಾರದಲ್ಲಿ ನಿಲ್ಲಿಸಿದ್ದರು, ಪೂರ್ವ ಪಶ್ಚಿಮದ ಸಾಲೇ 1.4 ಕಿಲೋಮೀಟರ್. ಅದು ಹಿಡಿಯುತ್ತಿದ್ದ 34.5 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ಒಂಬತ್ತು ಮೀಟರ್. ತಟ್ಟೆಯೂ ಇಲ್ಲ, ತಿರುಗುವುದೂ ಇಲ್ಲ. ಅವಳು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು. ವಿದುರಾಶ್ವತ್ಥಕ್ಕೆ ಹೋಗುವುದು ತಪ್ಪಿತು.

ರಾತ್ರಿ ಹತ್ತೂವರೆಗೆ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯಿತು. ಸ್ಪೇನ್‌ನಲ್ಲಿ ಸಂಜೆ ಆರು, ಆಕಾಶ ಒಣಗಿತ್ತು. ಮೊದಲು ಫೋಕಸ್. ಬಿಸಿಲು ಹೋಗಿ ಲೋಹ ತಣ್ಣಗಾದ ಮೇಲೆ ಅದನ್ನು ಇನ್ನೊಮ್ಮೆ ನೋಡಬೇಕಂತೆ. ಆಮೇಲೆ 3ಸಿ 84ರ ಮೇಲೆ ಅಡ್ಡಗೆರೆ. ಪರದೆಯಲ್ಲಿ ಅಂಕುಡೊಂಕು ಗೆರೆಯ ನಡುವೆ ಒಂದು ಗುಡ್ಡ ಎದ್ದಿತು. ಸೊನ್ನೆಯ ಮೇಲಲ್ಲ, ಸ್ವಲ್ಪ ಎಡಕ್ಕೆ.

"ನಾಲ್ಕು ಸೆಕೆಂಡು ತಪ್ಪಿದೆ," ಅಂದಳು. ಗಡಿಯಾರದ್ದಲ್ಲ, ಕೋನದ ಸೆಕೆಂಡು, ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು. ಅಂಕಿ ತಿದ್ದಿ ಮತ್ತೆ ಎಳೆದಳು. ಈ ಸಲ ಗುಡ್ಡ ನಡುವೆ ಬಂತು.

ಅಕ್ಕ ಅಡುಗೆಮನೆಯಿಂದ, "ದ್ರಾಕ್ಷಿ ಎಷ್ಟು ಕೊಟ್ಟೆ?" ಅಂತ ಕೇಳಿದಳು. ನಾನು ಕೇಳಿಸದವನ ಹಾಗೆ ಪರದೆ ನೋಡುತ್ತಾ ಕೂತೆ.