ಹಾಜರಿ ಪುಸ್ತಕದಲ್ಲಿ ಮೂರು ಸಹಿ, ಆಮೇಲೆ ಖಾಲಿ

ನಾನು ನಡೆಸೋದು ಒಂದು ಸಣ್ಣ ಸಂಸ್ಥೆ. ಸಂಜೆ ಹೊತ್ತು ಮಕ್ಕಳಿಗೆ ಓದು ಕಲಿಸುತ್ತೇವೆ. ಸಂಬಳಕ್ಕೆ ಇರುವವರು ನಾನೂ ಸೇರಿ 2 ಜನ. ಉಳಿದ ಸುಮಾರು 30 ಜನ ತಮ್ಮ ತಮ್ಮ ಕೆಲಸ ಮುಗಿಸಿಕೊಂಡು ಬರುವ ಸ್ವಯಂಸೇವಕರು.

ಮೊದಲ 2 ವರ್ಷ ನನ್ನ ಗಮನವೆಲ್ಲ ಹೊಸಬರನ್ನು ಸೇರಿಸಿಕೊಳ್ಳೋದರ ಮೇಲೇ ಇತ್ತು. ಹಾಜರಿ ಪುಸ್ತಕ ತೆಗೆದರೆ ಪ್ರತಿ ಸಲವೂ ಒಂದೇ ಕಥೆ. ಒಂದು ಹೆಸರು, ಮೂರು ಸಹಿ, ಆಮೇಲೆ ಖಾಲಿ. ಜನಕ್ಕೆ ಪುರುಸೊತ್ತಿಲ್ಲ, ಉತ್ಸಾಹ ಬೇಗ ಇಳಿದುಹೋಗುತ್ತೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ಕೊನೆಗೆ ಹಾಗೆ ಬಿಟ್ಟುಹೋದ ಒಬ್ಬರಿಗೆ ಫೋನ್ ಮಾಡಿ, ಏನಾಯ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೇಡಂ, ನಾನು ಬಂದ ದಿನ ನೀವು 'ಕೂತಿರಿ, ಈಗ ಬಂದೆ' ಅಂದ್ರಿ. ಮುಕ್ಕಾಲು ಗಂಟೆ ಕೂತೆ. ಮುಂದಿನ ಎರಡು ವಾರವೂ ಹಾಗೇ ಆಯ್ತು. ನನ್ನಿಂದ ನಿಮಗೇನೂ ಆಗಬೇಕಾಗಿಲ್ಲ ಅನ್ನಿಸ್ತು" ಅಂದರು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂತಿದ್ದರು, ಕೆಳಗೆ ಇಡಲೇ ಇಲ್ಲ. ನಾನು ಎರಡು ಸಲ ಅವರ ಮುಂದೇನೇ ಹಾದುಹೋದೆ. ದಾನಿಗಳಿಗೆ ಕಳಿಸಬೇಕಾದ ವರದಿ ತಲೆಯಲ್ಲಿತ್ತು.

ಕೆಲಸ ಜಾಸ್ತಿ ಹೊರಿಸಿದರೆ ಓಡಿಹೋಗ್ತಾರೆ ಅಂತ ನಾನು ಹೆದರುತ್ತಿದ್ದೆ. ಅವರು ಹೋಗಿದ್ದು ಸುಮ್ನೆ ಕೂರಿಸಿದ್ದಕ್ಕೆ. ದಿನವಿಡೀ ದುಡಿದು, ಮನೆ ಬಿಟ್ಟು ನಮ್ಮ ಹತ್ತಿರ ಬಂದವರ ಸಂಜೆಯನ್ನು ನಾನು ಹಾಳು ಮಾಡಿದ್ದೆ.

ಈಗ ಯಾರೇ ಬರುವ ಮೊದಲು ಅವರ ಹೆಸರಲ್ಲಿ ಒಂದು ಚೀಟಿ ರೆಡಿ ಇರುತ್ತೆ. ಯಾವ ಮಗು, ಯಾವ ಪುಟದಿಂದ, ಎಷ್ಟು ಗಂಟೆವರೆಗೆ, ತೊಂದರೆಯಾದರೆ ಯಾರನ್ನು ಕೇಳಬೇಕು, ಇಷ್ಟೇ. ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವ ಹಾಗಿಲ್ಲ ಅನ್ನೋದನ್ನೂ ಅದರಲ್ಲೇ ಬರೆದಿರುತ್ತೇವೆ, ಯಾಕಂದ್ರೆ ಬಾಯಲ್ಲಿ ಹೇಳಿದರೆ ಕೆಲವರಿಗೆ ನಮ್ಮ ಮೇಲೇ ಅನುಮಾನ ಪಡ್ತಿದ್ದಾರಾ ಅನ್ನಿಸುತ್ತೆ, ಎಲ್ಲರ ಚೀಟಿಯಲ್ಲೂ ಇದ್ದರೆ ಯಾರಿಗೂ ಬೇಜಾರಿಲ್ಲ. ಚೀಟಿ ರೆಡಿ ಇಲ್ಲದಿದ್ದರೆ ಮಧ್ಯಾಹ್ನವೇ ಫೋನ್ ಮಾಡಿ ಇವತ್ತು ಬರಬೇಡಿ ಅಂತೀವಿ. ಇನ್ನೊಂದು, ಮೊದಲೇ ಅವಧಿ ಹೇಳಿಬಿಡ್ತೀವಿ: ವಾರಕ್ಕೆ 1 ಸಂಜೆ, 3 ತಿಂಗಳು. ಆಮೇಲೆ ಮುಂದುವರಿಸೋದು ಬಿಡೋದು ಅವರಿಷ್ಟ. ಹೀಗೆ ಮಾಡಿದ ಮೇಲೆ ಮುಖ ತಪ್ಪಿಸಿಕೊಂಡು ಹೋಗುವವರು ಕಡಿಮೆಯಾದರು.

ಥ್ಯಾಂಕ್ಸ್ ಹೇಳೋದು ಕೂಡ ಬದಲಾಯಿತು. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, 1985ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಅವತ್ತು ಎಲ್ಲರಿಗೂ ಒಂದೇ ಥರದ ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಈಗ ಅವರು ಕಲಿಸಿದ ವಾರವೇ, "ನೀವು ಕೂತಮೇಲೆ ಅವಳು ಒತ್ತಕ್ಷರ ತಡವರಿಸದೆ ಓದಿದಳು" ಅಂತ ಮೆಸೇಜ್ ಹಾಕ್ತೀನಿ.

ಇದೆಲ್ಲ ಸುಲಭದ್ದು. ನನಗೆ ತುಂಬಾ ಕಷ್ಟವಾಗಿದ್ದು ಒಬ್ಬರಿಗೆ ಇನ್ನು ಬರಬೇಡಿ ಅಂತ ಹೇಳೋದು. ಒಂದು ದಿನವೂ ತಪ್ಪಿಸದವರು, ಬೀರುವಿನ ಕೀಲಿಯೂ ಅವರ ಹತ್ತಿರವೇ ಇರುತ್ತಿತ್ತು. ಆದರೆ ಮಕ್ಕಳು ತಪ್ಪು ಓದಿದರೆ ಎಲ್ಲರೆದುರು ಗದರುತ್ತಿದ್ದರು. ಬಿಟ್ಟಿ ದುಡಿಯುವವರಿಗೆ ಯಾವ ಬಾಯಲ್ಲಿ ಹೇಳಲಿ ಅಂತ 5 ತಿಂಗಳು ತಳ್ಳಿದೆ. ಅಷ್ಟರಲ್ಲಿ ಒಬ್ಬ ಹುಡುಗ ಬರೋದನ್ನೇ ನಿಲ್ಲಿಸಿದ. ಪಕ್ಕದ ಮೇಜಿನ ಇಬ್ಬರು ಸ್ವಯಂಸೇವಕರೂ ಹೋದರು. ಕೊನೆಗೆ ಒಬ್ಬರೇ ಇದ್ದಾಗ ಕೂರಿಸಿಕೊಂಡು, ನಾನು ಕಣ್ಣಾರೆ ಕಂಡಿದ್ದನ್ನು ಮಾತ್ರ ಹೇಳಿ, ಲೆಕ್ಕಪತ್ರದ ಕೆಲಸ ನೋಡಿಕೊಳ್ತೀರಾ ಅಂತ ಕೇಳಿದೆ. ಒಪ್ಪಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಆದರೂ ಈ ಮಾತನ್ನು ಮೊದಲ ತಿಂಗಳೇ ಆಡಬೇಕಿತ್ತು ಅಂತಲೇ ಈಗಲೂ ಅನ್ನಿಸುತ್ತೆ. ಬೀರುವಿಗೆ ಈಗ 2 ಕೀಲಿ ಇವೆ, ಇಬ್ಬರ ಹತ್ತಿರ.

ಹಾಜರಿ ಪುಸ್ತಕದಲ್ಲಿ 2 ವಾರ ಖಾಲಿ ಕಂಡರೆ ಫೋನ್ ಮಾಡೋ ಅಭ್ಯಾಸ ಇಟ್ಟುಕೊಂಡಿದ್ದೇನೆ. ನಿನ್ನೆ 3 ಜನಕ್ಕೆ ಮಾಡಿದೆ. ಒಬ್ಬರಿಗೆ ಶಿಫ್ಟ್ ಬದಲಾಗಿದೆ, ಇನ್ನೊಬ್ಬರ ಅಮ್ಮನಿಗೆ ಹುಷಾರಿಲ್ಲ. ಮೂರನೆಯವರು, "ಮೇಡಂ, ಆ ಮಗು ನನ್ನ ಹತ್ತಿರ ಮಾತೇ ಆಡಲ್ಲ" ಅಂದರು. ಗುರುವಾರ ಅವರನ್ನೂ ಮಗುವನ್ನೂ ನನ್ನ ಮೇಜಿಗೇ ಕರೆದಿದ್ದೇನೆ.