ಸಿನಿಮಾ ನಿಲ್ಲಿಸಿ ಚಿತ್ರ ಬಿಡಿಸಿದರೆ ನಕಲಾಗುವುದಿಲ್ಲವೇ?

ಕಾಸರಗೋಡಿನ ನನ್ನ ಚಿತ್ರಕಲಾ ತರಗತಿಗೆ ಹೊಸದಾಗಿ ಬರುವ ಮಕ್ಕಳು, ಅವರನ್ನು ಬಿಡಲು ಬರುವ ಹೆತ್ತವರು, ಎಲ್ಲರೂ ಕೇಳುವುದು ಒಂದೇ: ‘ಟೀಚರೇ, ಸಿನಿಮಾ ನಿಲ್ಲಿಸಿ ಅದನ್ನೇ ನೋಡಿ ಬಿಡಿಸಿದ್ರೆ ನಕಲಾಗುದಿಲ್ವಾ?’

ಲ್ಯಾಪ್‌ಟಾಪಿನಲ್ಲಿ ಸಿನಿಮಾದ ಒಂದು ದೃಶ್ಯವನ್ನು ತಡೆದು ನಿಲ್ಲಿಸಿ, ಅದನ್ನು ನೋಡಿ ಚಿತ್ರ ಬಿಡಿಸುವುದು ನಮ್ಮ ಅಭ್ಯಾಸ. ಗೆರೆಗೆ ಗೆರೆ ಇಳಿಸಿದರೆ ನಕಲೇ. ಹಾಗೆ ಇಳಿಸಲು ನಾನು ಬಿಡುವುದಿಲ್ಲ. ಕಾಗದದ ಮೇಲೆ 12 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಚೌಕಟ್ಟು ಹಾಕಿಸುತ್ತೇನೆ. ಸಿನಿಮಾಸ್ಕೋಪ್ ಪರದೆಯ ಪ್ರಮಾಣಕ್ಕೆ ಅದು ಹತ್ತಿರ. ಅದರೊಳಗೆ ಕಪ್ಪು, ಬೂದು, ಬಿಳಿ, ಇಷ್ಟೇ. ಕಣ್ಣು, ಮೂಗು, ಸೀರೆಯ ಅಂಚು ಯಾವುದೂ ಬೇಡ. ಐದು ನಿಮಿಷದೊಳಗೆ ಮುಗಿಯಬೇಕು.

‘ಬಾಂಬೆ’ (1995) ಚಿತ್ರದ ‘ಉಯಿರೇ’ ಹಾಡನ್ನು ಚಿತ್ರೀಕರಿಸಿದ್ದು ನಮ್ಮ ಬೇಕಲ ಕೋಟೆಯಲ್ಲಿ. ಕ್ಯಾಮೆರಾ ರಾಜೀವ್ ಮೆನನ್ ಅವರದು. ಅದನ್ನು ಬಿಡಿಸಿ ಎಂದರೆ ಮಕ್ಕಳು ಮೊದಲು ಕೋಟೆಯ ಮುರಕಲ್ಲುಗಳನ್ನು (ಜಂಬಿಟ್ಟಿಗೆ) ಒಂದೊಂದಾಗಿ ಕಟ್ಟಲು ಕೂರುತ್ತಾರೆ. ಮನೆಯ ಗೋಡೆ, ಬಾವಿಕಟ್ಟೆ ಎಲ್ಲ ಅದೇ ಕಲ್ಲಿನದು ನೋಡಿ, ಅದರ ತೂತುಗಳೂ ಅವರಿಗೆ ಗೊತ್ತು! ಕಣ್ಣು ಕಿರಿದು ಮಾಡಿ ಪರದೆ ನೋಡಿ ಎನ್ನುತ್ತೇನೆ. ಆಗ ಕಲ್ಲುಗಳು ಮಾಯ. ಮೋಡದ ಬೆಳ್ಳನೆ ಆಕಾಶ, ಅದಕ್ಕೆ ತಾಗಿ ಇಡಿಯಾದ ಒಂದು ಕಪ್ಪು ಗೋಡೆ, ಅಂಚಿನಲ್ಲಿ ಸಣ್ಣದೊಂದು ಆಕೃತಿ. ಅತಿ ಕಪ್ಪು ಅತಿ ಬಿಳಿಯನ್ನು ಮುಟ್ಟುವಲ್ಲಿಗೇ ನೋಡುವವರ ಕಣ್ಣು ಮೊದಲು ಹೋಗುತ್ತದೆ. ಯಾವುದನ್ನು ಅಲ್ಲಿಡಬೇಕು, ಯಾವುದನ್ನು ಕತ್ತಲೆಗೆ ಬಿಡಬೇಕು ಎಂಬ ಛಾಯಾಗ್ರಾಹಕರ ತೀರ್ಮಾನವನ್ನು ಕಲಿಯಬೇಕು, ಕೋಟೆಯನ್ನಲ್ಲ.

ಇದಕ್ಕೆ ಕಪ್ಪುಬಿಳುಪಿನ ‘ಘಟಶ್ರಾದ್ಧ’ (1977) ಇನ್ನೂ ಒಳ್ಳೆಯದು. ಎಸ್. ರಾಮಚಂದ್ರ ಅವರ ಆ ಛಾಯಾಗ್ರಹಣದಲ್ಲಿ ಬಣ್ಣವನ್ನು ಮನಸ್ಸಿನಲ್ಲೇ ಕಳೆಯುವ ಕಷ್ಟವಿಲ್ಲ.

ಕಲಿಕೆ ಗಟ್ಟಿಯಾಗುವುದು ಆಮೇಲೆ. ಲ್ಯಾಪ್‌ಟಾಪ್ ಮುಚ್ಚಿ, ಕೋಟೆಯ ಅದೇ ದೃಶ್ಯವನ್ನು ನೆನಪಿನಿಂದ ಮಕ್ಕಳ ಪುಸ್ತಕದ ಉದ್ದನೆ ಪುಟಕ್ಕೆ ಹೊಂದಿಸಬೇಕು. ಅಡ್ಡಕ್ಕೆ ಹರಡಿದ್ದ ಗೋಡೆಗೆ ಇಲ್ಲಿ ಜಾಗವೇ ಇಲ್ಲ. ಒಬ್ಬಳು ಹುಡುಗಿ ಗೋಡೆಯನ್ನು ಪುಟದ ತಳದಿಂದ ಮೇಲಿನವರೆಗೆ ಎಬ್ಬಿಸಿ, ತುದಿಯಲ್ಲಿ ಬೆರಳಗಲದಷ್ಟೇ ಆಕಾಶ ಉಳಿಸಿ, ಆ ಬಿಳಿಯಲ್ಲಿ ಕೊಡೆ ಹಿಡಿದ ಮುದುಕಿಯನ್ನು ನಿಲ್ಲಿಸಿದಳು. ಆ ಮುದುಕಿ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ ಇದೇ ದಾರಿಯಲ್ಲಿ ಆ ಕಡೆಯಿಂದ, ಪುಸ್ತಕದಿಂದ ಸಿನಿಮಾಕ್ಕೆ, ಬಂದವರು. ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ಮೊದಲು ಚಿತ್ರ ಬಿಡಿಸಿದರು. ಅದೇ ಕಾದಂಬರಿಯಿಂದ ಮಾಡಿ 1955ರಲ್ಲಿ ತೆರೆಕಂಡ ಸಿನಿಮಾಕ್ಕೂ ದೃಶ್ಯಗಳನ್ನು ಮೊದಲೇ ಸ್ಕೆಚ್‌ಬುಕ್ಕಿನಲ್ಲಿ ಚಿತ್ರಿಸಿಟ್ಟುಕೊಂಡಿದ್ದರು.

ಐದು ನಿಮಿಷದ ಚಿತ್ರಗಳನ್ನು ನಾವು ಪ್ರದರ್ಶನಕ್ಕೆ ಇಡುವುದಿಲ್ಲ. ವಾಟ್ಸಾಪಿನಲ್ಲಿ ಹಂಚುವುದಾದರೆ ಕೆಳಗೆ ಸಿನಿಮಾದ ಹೆಸರು, ಛಾಯಾಗ್ರಾಹಕರ ಹೆಸರು ಇರಲೇಬೇಕು. ನಟರ ಹೆಸರು ಮಕ್ಕಳಿಗೆ ಹೇಗೂ ಗೊತ್ತು. ಬೆಳಕು ಎಲ್ಲಿರಬೇಕೆಂದು ನಿರ್ಧರಿಸಿದವರ ಹೆಸರೂ ಅವರಿಗೆ ಬಾಯಿಪಾಠ ಆಗಬೇಕೆಂಬುದು ನನ್ನ ಆಸೆ.